ಲಾಸ್ಟ್ ಇನ್ ಟ್ರಾನ್ಸ್‌ಲೇಷನ್: ಜಪಾನಿ ಮಾತಿಗೆ ಸಬ್‌ಟೈಟಲ್ ಏಕಿಲ್ಲ?

ಹಿಂದಿನ ಸಾಲಿನ ಪ್ರೇಕ್ಷಕ:

ಸೋಫಿಯಾ ಕೊಪೊಲಾ ಬರೆದು ನಿರ್ದೇಶಿಸಿದ, 2003ರಲ್ಲಿ ತೆರೆಕಂಡ ‘ಲಾಸ್ಟ್ ಇನ್ ಟ್ರಾನ್ಸ್‌ಲೇಷನ್’ ಚಿತ್ರವನ್ನು ಕಳೆದ ವಾರ ಎರಡನೆಯ ಸಲ ನೋಡಿದೆ. ಕಾಲೇಜಿನ ದಿನಗಳಲ್ಲಿ ಮೊದಲ ಸಲ ನೋಡಿದಾಗಿನ ನೆನಪೆಂದರೆ ಟೋಕಿಯೋದ ದೀಪಗಳು ಮತ್ತು ಹೋಟೆಲಿನ ಎತ್ತರದ ಕಿಟಕಿಯಲ್ಲಿ ಮಂಡಿ ಮಡಚಿಕೊಂಡು ಒಬ್ಬಳೇ ಕುಳಿತ ಅಮೆರಿಕದ ತರುಣಿ ಶಾರ್ಲೆಟ್, ಅಷ್ಟೇ. ಈ ಸಲ ಬೇರೊಂದು ಸಂಗತಿ ತಲೆಯಲ್ಲಿ ಕುಳಿತು ಏಳುತ್ತಿಲ್ಲ.

ಸಂಟೋರಿ ವಿಸ್ಕಿಯ ಜಾಹೀರಾತಿನ ದೃಶ್ಯ ಎಲ್ಲರಿಗೂ ನೆನಪಿರಬಹುದು. ಈ ಜಾಹೀರಾತಿಗೆಂದು ಅಮೆರಿಕದಿಂದ ಬಂದ ನಟ ಬಾಬ್ ಹ್ಯಾರಿಸ್‌ನ ಪಾತ್ರದಲ್ಲಿ ಬಿಲ್ ಮರ್ರಿ ಗ್ಲಾಸು ಹಿಡಿದು ಕುಳಿತಿರುತ್ತಾರೆ. ಜಾಹೀರಾತಿನ ನಿರ್ದೇಶಕ ಜಪಾನಿ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳುತ್ತಾನೆ. ದುಭಾಷಿ ಹೆಂಗಸು ಅದನ್ನೆಲ್ಲ ಒಂದು ಪುಟ್ಟ ವಾಕ್ಯಕ್ಕೆ ಇಳಿಸಿ, ‘ತಿರುಗಿ ಕ್ಯಾಮೆರಾ ನೋಡಬೇಕಂತೆ’ ಎನ್ನುತ್ತಾಳೆ. ಅವರು ಹೇಳಿದ್ದು ಅಷ್ಟೇನಾ ಎಂದು ಬಾಬ್ ಕೇಳುತ್ತಾನೆ, ನಾವು ನಗುತ್ತೇವೆ. ಆ ಜಪಾನಿ ಮಾತಿಗೆ ತೆರೆಯ ಮೇಲೆ ಅನುವಾದವಿಲ್ಲ.

ನನ್ನ ಪ್ರಶ್ನೆ ಇದು. ಹೀಗೆ ಅರ್ಥವನ್ನು ತಡೆಹಿಡಿಯುವುದರಿಂದ ಪರದೇಶದಲ್ಲಿರುವವನ ಒಂಟಿತನ ನಮ್ಮ ಅನುಭವಕ್ಕೂ ಬರುತ್ತದೆಯೋ, ಅಥವಾ ಜಪಾನಿನವರೆಲ್ಲ ಬರಿಯ ಸದ್ದಾಗಿ, ಬಾಬ್‌ನ ದುಃಖಕ್ಕೆ ಬಣ್ಣದ ಪರದೆಯಾಗಿ ಉಳಿದುಬಿಡುತ್ತಾರೋ? ಒಂದು ವಿಸ್ಕಿ ಜಾಹೀರಾತಿಗೆ ಇಪ್ಪತ್ತು ಲಕ್ಷ ಡಾಲರ್ ಪಡೆಯುವವನ ಒಂಟಿತನಕ್ಕೆ ನಾವು ಇಷ್ಟು ಸುಲಭವಾಗಿ ಕರಗಬೇಕೇ ಎಂಬ ಸಣ್ಣ ಸಿಟ್ಟೂ ಈ ಪ್ರಶ್ನೆಯ ಹಿಂದಿದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಟೋಕಿಯೋ ನಿವಾಸಿ:

ನಾನು ಈ ಚಿತ್ರವನ್ನು ಜಪಾನಿ ಕಲಿಯುವ ಮೊದಲು ಒಮ್ಮೆ, ಕಲಿತ ಮೇಲೆ ಒಮ್ಮೆ ನೋಡಿದವನು. ಅವೆರಡೂ ಬೇರೆ ಬೇರೆ ಚಿತ್ರಗಳು ಎಂದರೆ ಉತ್ಪ್ರೇಕ್ಷೆಯೆಂದು ತಿಳಿಯಬಾರದು.

ಆ ನಿರ್ದೇಶಕ ಏನು ಹೇಳುತ್ತಾನೆಂದು ಮೊದಲು ತಿಳಿಸುತ್ತೇನೆ. ‘ನೀವು ನಿಮ್ಮ ಓದುವ ಕೋಣೆಯಲ್ಲಿ ನಿರಾಳವಾಗಿ ಕುಳಿತಿದ್ದೀರಿ, ಮೇಜಿನ ಮೇಲೆ ಸಂಟೋರಿ ವಿಸ್ಕಿಯಿದೆ, ಭಾವ ತುಂಬಿ, ನಿಧಾನವಾಗಿ, ಹಳೆಯ ಗೆಳೆಯನನ್ನು ಕಂಡ ಹಾಗೆ ಮೃದುವಾಗಿ ಕ್ಯಾಮೆರಾದ ಕಡೆ ನೋಡಿ ಆ ಮಾತನ್ನು ಹೇಳಿ’ ಎಂಬುದು ಅವನ ಮಾತಿನ ಹುರುಳು. ಇದರ ಜೊತೆಗೆ ‘ಕಾಸಾಬ್ಲಾಂಕಾ’ ಚಿತ್ರದ ಹಂಫ್ರಿ ಬೋಗಾರ್ಟ್‌ನನ್ನೂ ನೆನೆಯುತ್ತಾನೆ. ಭಾಷೆ ಬಾರದವರ ಕಣ್ಣಿಗೆ ಕೂಗಾಡುವ ಕೋಡಂಗಿಯಂತೆ ಕಾಣುವ ಈ ಮನುಷ್ಯ, ವಾಸ್ತವದಲ್ಲಿ ನಟನೊಬ್ಬನಿಗೆ ಕೊಡಬಹುದಾದ ಒಳ್ಳೆಯ ಸೂಚನೆಯನ್ನೇ ಕೊಡುತ್ತಿದ್ದಾನೆ, ಅದೂ ಆ ನಟನ ನಾಡಿನ ಚಿತ್ರವನ್ನೇ ಉದಾಹರಣೆಯಾಗಿ ಇಟ್ಟುಕೊಂಡು. ಅದು ದುಭಾಷಿಯ ಬಾಯಲ್ಲಿ ಸತ್ತುಹೋಗುತ್ತದೆ. ಬಲಕ್ಕೆ ತಿರುಗಲೋ ಎಡಕ್ಕೋ ಎಂಬ ಬಾಬ್‌ನ ಪ್ರಶ್ನೆಯನ್ನು ಆಕೆ ಮರ್ಯಾದೆಯ ಮಾತುಗಳಲ್ಲಿ ಸುತ್ತಿ ನಿರ್ದೇಶಕನಿಗೆ ಒಪ್ಪಿಸಿದಾಗ ಅವನು ಸಿಡುಕುವುದು ಇದೇ ಕಾರಣಕ್ಕೆ. ಆ ಕೋಣೆಯಲ್ಲಿ ಪರಕೀಯರು ಒಬ್ಬರಲ್ಲ, ಇಬ್ಬರು.

ಆದ್ದರಿಂದ ಸಬ್‌ಟೈಟಲ್ ಇಲ್ಲದ್ದನ್ನು ನಾನು ತಪ್ಪೆನ್ನುವುದಿಲ್ಲ. ಆ ಅರ್ಥವನ್ನು ಚಿತ್ರ ಅಳಿಸಿಲ್ಲ, ಗೊತ್ತಿದ್ದವರಿಗೆಂದು ಅಲ್ಲೇ ಇಟ್ಟಿದೆ. ಆದರೆ ‘ರ’ ಮತ್ತು ‘ಲ’ ಅಕ್ಷರಗಳನ್ನು ಅದಲುಬದಲು ಮಾಡುವ ಹೆಂಗಸನ್ನು ಬಾಬ್‌ನ ಕೋಣೆಗೆ ಕಳಿಸಿ ನಗಿಸುವ ದೃಶ್ಯಕ್ಕೆ ಇಂಥ ಸಮರ್ಥನೆಯಿಲ್ಲ. ಜಪಾನಿ ಭಾಷೆಯಲ್ಲಿ ಆ ಎರಡು ಧ್ವನಿಗಳ ನಡುವೆ ಇರುವುದು ಒಂದೇ ಧ್ವನಿ. ಅಕಾರ ಹಕಾರಗಳ ಹೆಸರಿನಲ್ಲಿ ನಮ್ಮವರನ್ನು ನಮ್ಮವರೇ ಎಷ್ಟು ನಕ್ಕಿದ್ದೇವೆಂದು ನೆನೆದರೆ ಆ ನಗೆಯ ಕೀಳುತನ ಬೇಗ ತಿಳಿಯುತ್ತದೆ.

ನನ್ನದೊಂದು ಸಣ್ಣ ಸಂಗತಿಯನ್ನೂ ಹೇಳಿಬಿಡುತ್ತೇನೆ. ಬಂದ ಹೊಸತರಲ್ಲಿ ಮನೆಯ ಕೆಳಗಿನ ಕೊಂಬಿನಿಯಿಂದ, ಎಂದರೆ ಇಡೀ ದಿನ ತೆರೆದಿರುವ ಪುಟ್ಟ ಅಂಗಡಿಯಿಂದ, ರಾತ್ರಿಯೂಟದ ಡಬ್ಬಿ ತರುತ್ತಿದ್ದೆ. ಗಲ್ಲಾದಲ್ಲಿದ್ದ ಹುಡುಗಿ ಪ್ರತಿದಿನವೂ ನಗುತ್ತ ಏನೋ ಒಂದು ಪ್ರಶ್ನೆ ಕೇಳುತ್ತಿದ್ದಳು. ನನಗೆ ಇನ್ನೇನೋ ಮಾರಲು ನೋಡುತ್ತಿದ್ದಾಳೆಂದು ಭಾವಿಸಿ ನಾನು ಪ್ರತಿದಿನವೂ ತಲೆಯಾಡಿಸಿ ಬೇಡವೆನ್ನುತ್ತಿದ್ದೆ. ಡಿಸೆಂಬರ್ ಚಳಿಯಲ್ಲಿ ಕೋಣೆಯಲ್ಲಿ ಒಬ್ಬನೇ ಕುಳಿತು, ಈ ದೇಶದವರು ತಣ್ಣನೆಯ ಅನ್ನವನ್ನು ಹೇಗೆ ತಿನ್ನುತ್ತಾರಪ್ಪಾ ಎಂದುಕೊಂಡು ಉಣ್ಣುತ್ತಿದ್ದೆ. ಅವಳು ಕೇಳುತ್ತಿದ್ದದ್ದು ‘ಬಿಸಿ ಮಾಡಿಕೊಡಲೇ?’ ಎಂದು ಎಂಬುದು ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು.

ಚಿತ್ರಸಮಾಜದ ಹಳಬ:

ನಿವಾಸಿಗಳ ವಿವರಣೆ ಸೊಗಸಾಗಿದೆ. ಆದರೂ ಪ್ರಶ್ನೆ ಕೇಳಿದವರ ಸಣ್ಣ ಸಿಟ್ಟಿನ ಪಕ್ಷ ನನ್ನದು. ಬಾಬ್‌ಗೆ ಭಾಷೆ ಬಾರದಿರುವುದು ಒಂದು ವಾರದ ತೊಂದರೆ. ಅವನ ಸುತ್ತ ದುಭಾಷಿ, ಕಾರು, ಹೋಟೆಲಿನ 52ನೆಯ ಮಹಡಿಯ ಬಾರು, ಎಲ್ಲವೂ ಇವೆ, ವಾರ ಕಳೆದರೆ ಊರಿಗೆ ವಿಮಾನವಿದೆ. ಪರದೇಶಿಯ ಒಂಟಿತನವನ್ನು ತೆರೆಯ ಮೇಲೆ ಕಾಣಬೇಕಾದರೆ ರೈನರ್ ವರ್ನರ್ ಫಾಸ್‌ಬಿಂಡರ್ ಅವರ 1974ರ ‘ಅಲಿ: ಫಿಯರ್ ಈಟ್ಸ್ ದ ಸೋಲ್’ ಚಿತ್ರವನ್ನು ನೋಡಬೇಕು.

ಮ್ಯೂನಿಕ್ ನಗರ, ಗ್ಯಾರೇಜೊಂದರಲ್ಲಿ ದುಡಿಯುವ ಮೊರಾಕೊ ದೇಶದ ಕಾರ್ಮಿಕ. ಅವನ ನಿಜವಾದ ಹೆಸರು ಉದ್ದವಿದೆ. ಎಲ್ಲರೂ ಅಲಿ ಎಂದು ಕರೆಯುತ್ತಾರೆಂದು ಅವನೂ ಅದನ್ನೇ ಒಪ್ಪಿಕೊಂಡಿದ್ದಾನೆ. ಅವನಿಗಿಂತ ಬಹಳ ಹಿರಿಯಳಾದ, ನೆಲ ಒರೆಸಿ ಬದುಕುವ ವಿಧವೆ ಎಮ್ಮಿ ಮಳೆಯಿಂದ ತಪ್ಪಿಸಿಕೊಳ್ಳಲೆಂದು ಬಾರೊಂದನ್ನು ಹೊಕ್ಕಾಗ ಇಬ್ಬರ ಪರಿಚಯವಾಗುತ್ತದೆ, ಮುಂದೆ ಮದುವೆಯೂ ಆಗುತ್ತದೆ. ಚಿತ್ರದ ಜರ್ಮನ್ ಹೆಸರೇ ವ್ಯಾಕರಣ ತಪ್ಪಿದ ಜರ್ಮನ್. ಕನ್ನಡದಲ್ಲಿ ‘ಭಯ ಆತ್ಮ ತಿನ್ನುವುದು’ ಎಂದಂತೆ, ವಿಭಕ್ತಿಯೂ ಇಲ್ಲ, ಸರಿಯಾದ ಕ್ರಿಯಾಪದವೂ ಇಲ್ಲ. ಅಲಿ ಮಾತನಾಡುವುದೇ ಹಾಗೆ. ಆ ಮುರುಕು ಭಾಷೆಯನ್ನು ಫಾಸ್‌ಬಿಂಡರ್ ನಗೆಗೆ ಬಳಸದೆ ಚಿತ್ರದ ಹಣೆಯ ಮೇಲೆ ಬರೆದಿದ್ದಾರೆ.

ಸಬ್‌ಟೈಟಲ್ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ದೃಶ್ಯವೊಂದು ಅಲ್ಲಿದೆ. ಅಲಿ ಮೂಲೆಯ ದಿನಸಿ ಅಂಗಡಿಗೆ ಹೋಗಿ, ಒಂದು ನಿರ್ದಿಷ್ಟ ಹೆಸರಿನ ಮಾರ್ಗರೀನ್ ಕೇಳುತ್ತಾನೆ. ಅಂಗಡಿಯವನಿಗೆ ಅದು ಅರ್ಥವಾಗಿದೆಯೆಂಬುದು ನಮಗೂ ಗೊತ್ತು, ಅವನಿಗೂ ಗೊತ್ತು. ಆದರೂ ಅರ್ಥವಾಗದವನಂತೆ ನಟಿಸಿ, ಮೊದಲು ಜರ್ಮನ್ ಕಲಿತು ಬಾ ಎಂದು ಬರಿಗೈಯಲ್ಲಿ ಕಳಿಸುತ್ತಾನೆ. ಇದಕ್ಕೆ ಯಾವ ಸಬ್‌ಟೈಟಲ್ ಹಾಕುವುದು? ಇಲ್ಲಿ ಕಳೆದುಹೋಗಿರುವುದು ಅನುವಾದವಲ್ಲ, ಕೇಳಿಸಿಕೊಳ್ಳುವ ಮನಸ್ಸು. ಟೋಕಿಯೋದ ಆ ಹುಡುಗಿ ಉತ್ತರ ಬಾರದಿದ್ದರೂ ನಾಲ್ಕು ತಿಂಗಳು ಕೇಳುತ್ತಲೇ ಇದ್ದಳಲ್ಲ, ಅದರ ತದ್ವಿರುದ್ಧ ತುದಿ ಇದು.

ಇನ್ನೂ ಕ್ರೂರವಾದದ್ದು ಊಟದ ಪ್ರಸಂಗ. ಈ ಮದುವೆಯ ಕಾರಣಕ್ಕೆ ಊರಿನವರು ಹಾಕಿದ ಬಹಿಷ್ಕಾರ ತುಸು ಸಡಿಲವಾದ ಮೇಲೆ ಅಲಿ ಹೆಂಡತಿಯ ಬಳಿ ಕುಸ್‌ಕುಸ್ ಮಾಡಿಕೊಡೆಂದು ಕೇಳುತ್ತಾನೆ (ನಮ್ಮ ಗಸಗಸೆಯಲ್ಲ, ಗೋಧಿಯ ಸಣ್ಣ ಕಾಳುಗಳನ್ನು ಆವಿಯಲ್ಲಿ ಬೇಯಿಸಿದ ಊಟ). ಅಷ್ಟು ಪ್ರೀತಿಸುವ ಎಮ್ಮಿಯೂ ಇಲ್ಲಿನ ಊಟಕ್ಕೆ ಒಗ್ಗಿಕೋ ಎಂಬರ್ಥದ ಮಾತಾಡಿ ಒಲ್ಲೆನೆನ್ನುತ್ತಾಳೆ. ಅವನು ಎದ್ದು, ಅದನ್ನು ಮಾಡಿಕೊಡುವ ಬಾರಿನ ಒಡತಿಯ ಮನೆಗೆ ಹೋಗುತ್ತಾನೆ. ಕೊನೆಯಲ್ಲಿ ಹೊಟ್ಟೆಯ ಹುಣ್ಣಿನಿಂದ ಕುಸಿದು ಆಸ್ಪತ್ರೆ ಸೇರಿದಾಗ, ವಿದೇಶೀ ಕಾರ್ಮಿಕರಲ್ಲಿ ಇದು ಸಾಮಾನ್ಯ, ಅವರು ಬದುಕುವ ಒತ್ತಡವೇ ಇದಕ್ಕೆ ಕಾರಣ, ವಾಸಿಯಾದರೂ ಮತ್ತೆ ಬರುತ್ತಾನೆ ಎಂದು ವೈದ್ಯರು ತಣ್ಣಗೆ ಹೇಳುತ್ತಾರೆ. ಜರ್ಮನಿ 1963ರಲ್ಲಿ ಮೊರಾಕೊದೊಡನೆ ಒಪ್ಪಂದ ಮಾಡಿಕೊಂಡು ಕರೆಸಿಕೊಂಡ ಕೈಗಳಿಗೆ ಹೊಟ್ಟೆಯೂ ಇರುತ್ತದೆಂಬುದನ್ನು ಈ ಚಿತ್ರದಷ್ಟು ನೇರವಾಗಿ ಹೇಳಿದ ಇನ್ನೊಂದನ್ನು ನಾನು ಕಂಡಿಲ್ಲ.

ಮಧ್ಯಂತರದ ಕಾಫಿ:

ಹಳಬರ ಮಾತನ್ನು ಒಪ್ಪುತ್ತಲೇ ಒಂದು ತಕರಾರು. ಬಾಬ್ ಮತ್ತು ಶಾರ್ಲೆಟ್‌ರ ಒಂಟಿತನವನ್ನು ಟೋಕಿಯೋ ಹುಟ್ಟಿಸಲಿಲ್ಲ, ಅವರು ಅದನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡೇ ವಿಮಾನ ಹತ್ತಿದ್ದರು. ಶಾರ್ಲೆಟ್ ಅಮೆರಿಕದಲ್ಲಿರುವ ಗೆಳತಿಗೆ ಫೋನು ಮಾಡುವ ದೃಶ್ಯವನ್ನು ಗಮನಿಸಿ. ದೇವಾಲಯಕ್ಕೆ ಹೋಗಿದ್ದೆ, ಸನ್ಯಾಸಿಗಳು ಮಂತ್ರ ಹೇಳುತ್ತಿದ್ದರು, ನನಗೆ ಏನೂ ಅನ್ನಿಸಲೇ ಇಲ್ಲ ಎಂದು ಕಣ್ಣೀರು ತಡೆದುಕೊಂಡು ಹೇಳುತ್ತಾಳೆ. ಇಬ್ಬರದೂ ಒಂದೇ ಭಾಷೆ. ಆದರೂ ಆ ಕಡೆಯವಳಿಗೆ ಅದು ತಲುಪುವುದಿಲ್ಲ. ಬಾಬ್‌ನ ಹೆಂಡತಿ ನಡುರಾತ್ರಿ ಕಪಾಟಿನ ವಿಚಾರವಾಗಿ ಫ್ಯಾಕ್ಸ್ ಕಳಿಸುವುದು, ಆಮೇಲೆ ಕಾರ್ಪೆಟ್ ತುಂಡುಗಳನ್ನು ಪಾರ್ಸೆಲ್ ಮಾಡುವುದು, ಎಲ್ಲವೂ ಅಚ್ಚ ಇಂಗ್ಲಿಷಿನಲ್ಲಿಯೇ.

ಗೌರಿ ಶಿಂಧೆ ಅವರ ‘ಇಂಗ್ಲಿಷ್ ವಿಂಗ್ಲಿಷ್’ (2012) ಚಿತ್ರದ, ಇಂಗ್ಲಿಷ್ ಸರಿಯಾಗಿ ಬಾರದ ಗೃಹಿಣಿ ಶಶಿಯನ್ನೂ ಇದರ ಜೊತೆಗಿಟ್ಟು ನೋಡಬಹುದು. ನ್ಯೂಯಾರ್ಕಿನ ಕಾಫಿ ಅಂಗಡಿಯಲ್ಲಿ, ಗಲ್ಲಾದ ಹೆಂಗಸು ಪಟಪಟನೆ ಕೇಳುವ ಪ್ರಶ್ನೆಗಳಿಗೆ ತತ್ತರಿಸಿ ಶಶಿ ಓಡುತ್ತಾಳಲ್ಲ, ಆ ಅವಮಾನದ ಅಭ್ಯಾಸ ಅವಳಿಗೆ ಮನೆಯಲ್ಲಿಯೇ, ಮಗಳ ಮತ್ತು ಗಂಡನ ನಗುವಿನಲ್ಲಿ ಆಗಿತ್ತು. ಅವಳು ಹಿಂದಿಯಲ್ಲಿ, ಅಡುಗೆಯವನಾದ ಲಾರೆಂಟ್ ಫ್ರೆಂಚಿನಲ್ಲಿ ಮಾತನಾಡುವಾಗ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಇಡೀ ಚಿತ್ರದಲ್ಲಿ ಅವಳು ಅತ್ಯಂತ ನಿರಾಳವಾಗಿ ಮಾತನಾಡುವುದು ಅಲ್ಲಿಯೇ.

ಹಿಂದಿನ ಸಾಲಿನ ಪ್ರೇಕ್ಷಕ:

ಎಲ್ಲರಿಗೂ ಕೃತಜ್ಞತೆಗಳು. ನಿವಾಸಿಗಳು ಕೊಟ್ಟ ಅರ್ಥವನ್ನು ಎದುರಿಗಿಟ್ಟುಕೊಂಡು ನಿನ್ನೆ ರಾತ್ರಿ ಜಾಹೀರಾತಿನ ದೃಶ್ಯವನ್ನು ಮತ್ತೆ ನೋಡಿದೆ. ಈ ಸಲ ನಗು ಬರಲಿಲ್ಲ, ನಿರ್ದೇಶಕನ ಮುಖವನ್ನೇ ನೋಡುತ್ತಿದ್ದೆ. ಆಮೇಲೆ ಕೊನೆಯ ದೃಶ್ಯವನ್ನೂ ನೋಡಿದೆ. ಟೋಕಿಯೋದ ಜನಜಂಗುಳಿಯ ನಡುವೆ ಬಾಬ್ ಶಾರ್ಲೆಟ್‌ಳನ್ನು ತಬ್ಬಿ ಕಿವಿಯಲ್ಲಿ ಏನೋ ಹೇಳುತ್ತಾನೆ, ಅದು ನಮಗೆ ಸ್ಪಷ್ಟವಾಗಿ ಕೇಳಿಸುವುದಿಲ್ಲ. ಅದಕ್ಕೂ ಸಬ್‌ಟೈಟಲ್ ಇಲ್ಲ. ಜಪಾನಿನವರ ಮಾತನ್ನು ನಮ್ಮಿಂದ ತಡೆಹಿಡಿದ ನಿರ್ದೇಶಕಿ ಕೊನೆಗೆ ಇಂಗ್ಲಿಷನ್ನೂ ತಡೆಹಿಡಿದಿದ್ದಾರೆ ಎಂಬ ಕಾರಣಕ್ಕೆ ಅವರ ಮೇಲಿನ ನನ್ನ ಆಕ್ಷೇಪದಲ್ಲಿ ಅರ್ಧವನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಉಳಿದರ್ಧ ‘ರ’ ಮತ್ತು ‘ಲ’ ದೃಶ್ಯಕ್ಕೆ ಹಾಗೆಯೇ ಇರಲಿ. ಅಲಿಯ ಚಿತ್ರವನ್ನು ಈ ಭಾನುವಾರ ನೋಡುತ್ತೇನೆ.

ನಿವಾಸಿಗಳೇ, ಪ್ರಶ್ನೆಯ ಅರ್ಥ ತಿಳಿದ ಮೇಲೆ ಆ ಹುಡುಗಿಗೆ ಏನೆಂದಿರಿ?

ಟೋಕಿಯೋ ನಿವಾಸಿ:

ಅಷ್ಟರಲ್ಲಿ ಅವಳು ಕೆಲಸ ಬಿಟ್ಟಿದ್ದಳು. ಅವಳ ಜಾಗಕ್ಕೆ ಬಂದಿದ್ದ ಹುಡುಗ ಅದೇ ಪ್ರಶ್ನೆ ಕೇಳಿದ. ನಾನು ಮನೆಯಲ್ಲಿ ಹತ್ತು ಸಲ ಹೇಳಿ ರೂಢಿಸಿಕೊಂಡಿದ್ದ ಉತ್ತರವನ್ನು ಹೇಳಿದೆ. ಅವನು ತಲೆಯೆತ್ತದೆ ಡಬ್ಬಿಯನ್ನು ಮೈಕ್ರೋವೇವ್‌ನೊಳಗೆ ಇಟ್ಟ.