ಪದಚರ್ಚೆ: ಹಾಯಿದೋಣಿಯ ಪೆಟ್ರೋಲ್ ಎಂಜಿನ್ ‘ಸ್ಟಾರ್ಟ್ ಆಗುತ್ತಿಲ್ಲ’ ಅಂದರೆ ಏನಾಗಿದೆ?

ಎಲ್ಲರಿಗೂ ನಮಸ್ಕಾರ.

ಹಳೆಯ ಹಾಯಿದೋಣಿಗಳ ಒಳಗೆ ಕೂರಿಸಿದ ಪೆಟ್ರೋಲ್ ಎಂಜಿನ್ ಕೈಕೊಟ್ಟಾಗ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಎಂದು ತಿಳಿಸುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾದರಿಗೆ ಇಟ್ಟುಕೊಂಡಿರುವುದು ಯುನಿವರ್ಸಲ್ ಕಂಪನಿಯ ಅಟಾಮಿಕ್ 4. ನಾಲ್ಕು ಸಿಲಿಂಡರ್, ಸೈಡ್ ವಾಲ್ವ್, 30 ಅಶ್ವಶಕ್ತಿ. 1947ರಿಂದ 1984ರವರೆಗೆ ತಯಾರಾಯಿತು, ಇವತ್ತಿಗೂ ಎಷ್ಟೋ ದೋಣಿಗಳಲ್ಲಿ ಓಡುತ್ತಿದೆ.

ನಾಲ್ಕು ಕಡೆ ಅನುಮಾನ ಬಂದಿದೆ. ‘ಸ್ಟಾರ್ಟ್ ಆಗುತ್ತಿಲ್ಲ’ ಅನ್ನುವ ಒಂದೇ ಮಾತು ಎಲ್ಲಕ್ಕೂ ಸಾಕೇ? ‘ಚೋಕ್’ ಅಂದಾಗ ಓದುವವರಿಗೆ ಕೇಬಲ್ ಎಳೆಯುವ ಚೋಕ್ ಹೊಳೆಯುತ್ತದೋ, ಕಸ ಕಟ್ಟಿದ ಜೆಟ್ಟೋ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು)? ಅಮೆರಿಕದ ಕೈಪಿಡಿಗಳಲ್ಲಿ ಪೆಟ್ರೋಲಿಗೆ ಬಳಸುವ ‘ಗ್ಯಾಸ್’ ಅನ್ನು ಹಾಗೇ ಬಿಡಬಹುದೇ? ‘ಏರ್‌ಲಾಕ್’ (ಇಂಧನದ ಕೊಳವೆಯಲ್ಲಿ ಗಾಳಿ ಹಿಡಿಯುವುದು) ಅನ್ನುವುದು ಪೆಟ್ರೋಲ್ ಎಂಜಿನ್ನಿಗೆ ಹೊಂದುತ್ತದೆಯೇ? ಅಚ್ಚಗನ್ನಡ ಪದವೇ ಬೇಕೆಂಬ ಹಟವಿಲ್ಲ. ಸ್ಪ್ಯಾನರ್ ಹಿಡಿದವರಿಗೆ ದಾರಿ ತಪ್ಪಿಸದ ಪದ ಬೇಕು.

*

ನಮಸ್ಕಾರ ಸರ್,

‘ಸ್ಟಾರ್ಟ್ ಆಗುತ್ತಿಲ್ಲ’ ಖಂಡಿತ ಸಾಲದು. ಅದರಡಿ ಮೂರು ಬೇರೆ ಬೇರೆ ದೋಷಗಳಿವೆ, ಮೂರಕ್ಕೂ ನಮ್ಮಲ್ಲಿ ಕ್ರಿಯಾಪದ ಇದ್ದೇ ಇದೆ. ಕೀ ತಿರುವಿದರೂ ಎಂಜಿನ್ ಅಲುಗದಿದ್ದರೆ ‘ತಿರುಗುತ್ತಿಲ್ಲ’. ಸೆಲ್ಫ್ (ಸ್ಟಾರ್ಟರ್ ಮೋಟಾರ್) ಚೆನ್ನಾಗಿ ತಿರುಗಿಸುತ್ತದೆ, ಆದರೆ ಸಿಲಿಂಡರಿನಲ್ಲಿ ಉರಿ ಹಿಡಿಯುತ್ತಿಲ್ಲ ಅಂದರೆ ‘ಹತ್ತುತ್ತಿಲ್ಲ’. ಹತ್ತಿ, ಸ್ವಲ್ಪ ಹೊತ್ತು ಓಡಿ ಆರಿಹೋದರೆ ‘ಹತ್ತಿ ನಿಲ್ಲುತ್ತಿದೆ’. ಕೈಪಿಡಿಯ ಮೊದಲ ಪುಟದಲ್ಲೇ ಈ ಮೂರನ್ನು ಬೇರೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ತಿರುಗದಿದ್ದರೆ ನೋಡಬೇಕಾದ್ದು ಬ್ಯಾಟರಿ, ಅದರ ಟರ್ಮಿನಲ್, ಮೇನ್ ಸ್ವಿಚ್, ಎಂಜಿನ್ ಬ್ಲಾಕಿಗೆ ಬಂದು ಸೇರುವ ಅರ್ತ್ ಕೇಬಲ್. ಒಂದು ಎಚ್ಚರ: ಸೆಲ್ಫ್ ‘ದಡ್’ ಎಂದು ತಡೆದು ನಿಂತರೆ ಮತ್ತೆ ಮತ್ತೆ ಹೊಡೆಯಬಾರದು. ಸಿಲಿಂಡರಿನಲ್ಲಿ ನೀರು ತುಂಬಿರಬಹುದು. ನಾಲ್ಕೂ ಪ್ಲಗ್ ಬಿಚ್ಚಿ ಆಮೇಲೆ ತಿರುಗಿಸಬೇಕು.

ಹತ್ತದಿದ್ದರೆ ಕಿಡಿಯಿಲ್ಲ ಅಥವಾ ಪೆಟ್ರೋಲಿಲ್ಲ. ಮೊದಲು ಕಿಡಿ ನೋಡುವುದು ವಾಸಿ, ಎರಡು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಟೆಸ್ಟ್ ಲ್ಯಾಂಪಿನ ಒಂದು ತುದಿ ಎಂಜಿನ್ ಬ್ಲಾಕಿಗೆ, ಇನ್ನೊಂದು ಕಾಯಿಲಿನ (ಪ್ಲಗ್ಗಿನ ಕಿಡಿಗೆ ಹೆಚ್ಚು ವೋಲ್ಟೇಜ್ ಕೊಡುವ ಸುರುಳಿ) ಮೈನಸ್‌ಗೆ ಹಿಡಿದು ಸೆಲ್ಫ್ ಹೊಡೆಯಿರಿ. ಮಿಣುಕಿದರೆ ಪಾಯಿಂಟ್ (ಕಾಯಿಲಿನ ಕರೆಂಟನ್ನು ಕೂಡಿಸಿ ಕಡಿಯುವ ಸಂಪರ್ಕ) ಸರಿಯಾಗಿ ತೆರೆದು ಮುಚ್ಚುತ್ತಿದೆ. ಆರದೆ ಒಂದೇ ಸಮನೆ ಉರಿಯುತ್ತಿದ್ದರೆ ಪಾಯಿಂಟ್ ಸೇರುತ್ತಿಲ್ಲ: ಮೈ ಸುಟ್ಟಿದೆ, ಕಿಲುಬು ಹಿಡಿದಿದೆ ಇಲ್ಲವೇ ಸಂದು ಜಾಸ್ತಿಯಾಗಿದೆ. ಉರಿಯಲೇ ಇಲ್ಲ ಅಂದರೆ ಲ್ಯಾಂಪನ್ನು ಪ್ಲಸ್‌ಗೆ ಹಿಡಿಯಿರಿ. ಅಲ್ಲಿ ಕರೆಂಟ್ ಬರುತ್ತಿದ್ದರೆ ಪಾಯಿಂಟ್ ತೆರೆಯುತ್ತಿಲ್ಲ, ಅಥವಾ ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಶಾರ್ಟ್ ಆಗಿದೆ, ಅಥವಾ ಕಾಯಿಲಿನೊಳಗೆ ತಂತಿ ಹರಿದಿದೆ. ಪ್ಲಸ್‌ನಲ್ಲೂ ಇಲ್ಲದಿದ್ದರೆ ಕೀ ಸ್ವಿಚ್ಚಿನಿಂದ ಬರುವ ತಂತಿಯನ್ನು ಹಿಂಬಾಲಿಸಬೇಕು. ಪಾಯಿಂಟ್ ಸಂದು 0.018ರಿಂದ 0.020 ಇಂಚು, ಅಂದರೆ ಸುಮಾರು ಅರ್ಧ ಮಿಲಿಮೀಟರ್. ಪ್ಲಗ್ ಸಂದು 0.035 ಇಂಚು. ಇಲ್ಲಿ ‘ಗ್ಯಾಪ್’ ಅಂದರೂ ನಡೆಯುತ್ತದೆ, ‘ಸಂದು’ ಅಂದರೂ ನಡೆಯುತ್ತದೆ. ‘ಅಂತರ’ ಬೇಡ, ಅದು ಎರಡು ಊರುಗಳ ನಡುವಿನ ದೂರದ ಮಾತು.

‘ಸೆಲ್ಫ್ ಹೊಡೆಯುತ್ತಾ ಇರಿ’ ಎಂದು ಬರೆಯುವಲ್ಲೆಲ್ಲ ಇನ್ನೊಂದು ಸಾಲು ಸೇರಲೇಬೇಕು. ಎಂಜಿನ್ ತಿರುಗಿದಷ್ಟೂ ಹೊತ್ತು ನೀರಿನ ಪಂಪು ಹೊರನೀರನ್ನು ಎಗ್ಸಾಸ್ಟಿಗೆ ತಳ್ಳುತ್ತಿರುತ್ತದೆ. ಎಂಜಿನ್ ಹತ್ತದಿದ್ದರೆ ಆ ನೀರನ್ನು ಹೊರದೂಡುವ ಹೊಗೆಯ ಒತ್ತಡ ಇರುವುದಿಲ್ಲ. ಸೈಲೆನ್ಸರ್ ತುಂಬಿ, ನೀರು ಹಿಂದಕ್ಕೆ ಹರಿದು, ತೆರೆದಿರುವ ಎಗ್ಸಾಸ್ಟ್ ವಾಲ್ವಿನ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ಮೇಲೆ ಹೇಳಿದ ‘ದಡ್’ ಬಹಳ ಸಲ ಬರುವುದೇ ಹೀಗೆ. ಆದ್ದರಿಂದ ಪರೀಕ್ಷೆಗೆ ಮುಂಚೆ ಸೀಕಾಕ್ (ಹೊರನೀರು ಒಳಬರುವ ಕೊಳಾಯಿ) ಮುಚ್ಚಬೇಕು, ಎಂಜಿನ್ ಹತ್ತಿದ ಕ್ಷಣವೇ ತೆರೆಯಬೇಕು. ತಡವಾದರೆ ಪಂಪಿನ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗುತ್ತದೆ.

‘ಚೋಕ್’ ವಿಷಯದಲ್ಲಿ ನಿಮ್ಮ ಅನುಮಾನ ಸರಿ. ಗ್ಯಾರೇಜಿನಲ್ಲಿ ‘ಜೆಟ್ ಚೋಕ್ ಆಗಿದೆ’ ಅನ್ನುತ್ತಾರೆ, ‘ಚೋಕ್ ಎಳಿ’ ಅಂತಲೂ ಅನ್ನುತ್ತಾರೆ. ಮಾತಿನಲ್ಲಿ ಗೊಂದಲವಿಲ್ಲ, ಬರಹದಲ್ಲಿದೆ, ಯಾಕೆಂದರೆ ಎರಡೂ ಒಂದೇ ಪರೀಕ್ಷೆಯಲ್ಲಿ ಬರುತ್ತವೆ. ಐಡಲಿನಲ್ಲಿ (ಥ್ರಾಟಲ್ ಕೊಡದೆ ನಿಧಾನ ಓಡುವಾಗ) ಚೆನ್ನಾಗಿದ್ದು, ಥ್ರಾಟಲ್ ಕೊಟ್ಟರೆ ಎಳೆತವಿಲ್ಲದೆ ಸೊರಗಿ, ಚೋಕನ್ನು ಸ್ವಲ್ಪ ಎಳೆದ ಕೂಡಲೇ ಚೇತರಿಸಿಕೊಂಡರೆ ಮೇನ್ ಜೆಟ್ಟಿನಲ್ಲಿ ಕಸವಿದೆ. ಥ್ರಾಟಲಿನಲ್ಲಿ ಓಡಿ ಐಡಲಿನಲ್ಲಿ ಆರಿದರೆ ಐಡಲ್ ಜೆಟ್ ಕಟ್ಟಿದೆ. ಈ ವಾಕ್ಯಗಳಲ್ಲಿ ಜೆಟ್ಟಿಗೂ ‘ಚೋಕ್’ ಬಳಸಿದರೆ ಓದುಗರು ಕೇಬಲ್ ಬಿಚ್ಚಲು ಹೋಗುತ್ತಾರೆ. ಕಾರ್ಬುರೇಟರಿನ ಗಾಳಿಬಾಯಿ ಮುಚ್ಚುವ ತಗಡಿಗೆ ‘ಚೋಕ್’, ಜೆಟ್ಟಿಗೆ ‘ಕಟ್ಟಿದೆ’. ಕಟ್ಟಿದ ಜೆಟ್ಟಿಗೆ ತಂತಿ ಚುಚ್ಚಬಾರದು, ತೂತು ದೊಡ್ಡದಾಗಿ ಪೆಟ್ರೋಲ್ ಹೆಚ್ಚು ಹೋಗುತ್ತದೆ. ಕ್ಲೀನರ್ ಸಿಂಪಡಿಸಿ ಗಾಳಿ ಊದಬೇಕು. ಹಾಗೆಯೇ ಕೇಬಲ್ ಗುಬುಟು ಪೂರ್ತಿ ಹೊರಬಂದ ಮಾತ್ರಕ್ಕೆ ಚೋಕ್ ಪೂರ್ತಿ ಮುಚ್ಚಿದೆ ಎಂದಲ್ಲ. ಆ ಬಾಯಿಂದ ಉರಿ ಹೊರಬಾರದಂತೆ ತಡೆಯುವ ಫ್ಲೇಮ್ ಅರೆಸ್ಟರ್ ಬಿಚ್ಚಿ, ತಗಡು ಬಾಯಿ ಮುಚ್ಚುತ್ತಿದೆಯೇ ಎಂದು ಕಣ್ಣಾರೆ ನೋಡಬೇಕು. ತಣ್ಣಗಿರುವ ಹಳೆಯ ಎಂಜಿನ್ ಪೂರ್ತಿ ಚೋಕ್ ಇಲ್ಲದೆ ಹತ್ತುವುದು ಕಷ್ಟ. ನೋಡಿಯಾದ ಮೇಲೆ ಅರೆಸ್ಟರನ್ನು ಮತ್ತೆ ಕೂರಿಸದೆ ಕೀ ಮುಟ್ಟಬಾರದು.

‘ಗ್ಯಾಸ್’ ಬೇಡವೇ ಬೇಡ. ನಮಗೆ ಗ್ಯಾಸ್ ಅಂದರೆ ಅಡುಗೆ ಅನಿಲ, ಎಷ್ಟೋ ದೋಣಿಗಳಲ್ಲಿ ಅದರ ಸಿಲಿಂಡರೂ ಇರುತ್ತದೆ. ‘ಗ್ಯಾಸ್ ವಾಸನೆ ಬಂದರೆ’ ಎಂದು ಓದಿದವರು ಒಲೆಯ ಕಡೆ ಓಡುತ್ತಾರೆ, ಕಾರ್ಬುರೇಟರ್ ಸೋರುತ್ತಲೇ ಇರುತ್ತದೆ. ‘ಪೆಟ್ರೋಲ್ ಆವಿ’ ಎಂದು ಬರೆಯಿರಿ. ಅದು ಗಾಳಿಗಿಂತ ಭಾರ, ದೋಣಿಯ ತಳದ ಬಿಲ್ಜಿನಲ್ಲಿ ಇಳಿದು ಕೂರುತ್ತದೆ, ತಾನಾಗಿ ಹೊರಹೋಗುವುದಿಲ್ಲ. ‘ಬ್ಲೋವರ್’ ಪದವನ್ನು ಇಟ್ಟುಕೊಳ್ಳಿ, ಆದರೆ ಕ್ರಿಯಾಪದ ‘ಊದು’ ಅಲ್ಲ, ‘ಹೀರು’. ಅದು ಒಳಗಿನ ಆವಿಯನ್ನು ಹೀರಿ ಹೊರಹಾಕುವ ಫ್ಯಾನು. ಅದರ ಕೊಳವೆಯ ಬಾಯಿ ಬಿಲ್ಜಿನ ತಗ್ಗಿನಲ್ಲಿ, ಆದರೆ ನಿಂತ ನೀರಿಗಿಂತ ಮೇಲೆ ಇರಬೇಕು. ಸೆಲ್ಫಿಗೆ ಮುಂಚೆ, ಮೇಲಿನ ಕಿಡಿ ಪರೀಕ್ಷೆಗೂ ಮುಂಚೆ, ಕನಿಷ್ಠ ನಾಲ್ಕು ನಿಮಿಷ ಓಡಿಸಿ, ಬಗ್ಗಿ ಮೂಗಿನಿಂದಲೂ ನೋಡಬೇಕು. ವಾಸನೆ ಉಳಿದಿದ್ದರೆ ಸೋರಿಕೆ ಹುಡುಕುವ ಕೆಲಸ, ಕೀ ತಿರುವುವ ಕೆಲಸವಲ್ಲ. ಇದೇ ಕಾರಣಕ್ಕೆ ಕಾರಿನ ಸೆಲ್ಫ್ ಮೋಟಾರ್, ಆಲ್ಟರ್ನೇಟರ್ ಅಳತೆಗೆ ಸರಿಹೊಂದಿದರೂ ಹಾಕಬಾರದು. ಅವುಗಳ ಕಿಡಿ ಹೊರಗೆ ಬಾರದಂತೆ ಮುಚ್ಚಿರುವುದಿಲ್ಲ.

*

ಮೇಲಿನ ಉತ್ತರ ಒಪ್ಪಿದೆ. ‘ಹತ್ತಿ ನಿಲ್ಲುತ್ತಿದೆ’ ಮತ್ತು ‘ಏರ್‌ಲಾಕ್’ ಎರಡನ್ನೂ ಸೇರಿಸಿ ಹೇಳುತ್ತೇನೆ.

ಏರ್‌ಲಾಕ್ ಡೀಸೆಲಿನವರ ಪದ. ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿದರೆ ನಟ್ ಸಡಿಲಿಸಿ ಗಾಳಿ ತೆಗೆಯಬೇಕು. ಕಾರ್ಬುರೇಟರಿನ ಬಟ್ಟಲಿಗೆ ಮೇಲೆ ಗಾಳಿಕಿಂಡಿ ಇರುವುದರಿಂದ ಪೆಟ್ರೋಲ್ ಎಂಜಿನ್ನಿಗೆ ಆ ಶುಶ್ರೂಷೆ ಬೇಕಿಲ್ಲ. ಅರ್ಧ ಗಂಟೆಯೋ ಒಂದು ಗಂಟೆಯೋ ಓಡಿ ನಿಂತ ಎಂಜಿನ್ನಿಗೆ ‘ಏರ್‌ಲಾಕ್’ ಎಂದು ಹೆಸರಿಟ್ಟರೆ ಇರುವ ಕಾರಣಗಳೆಲ್ಲ ಮರೆಯಾಗುತ್ತವೆ.

ನಿಂತ ತಕ್ಷಣ, ತಣಿಯುವ ಮುಂಚೆಯೇ ಕಿಡಿ ನೋಡಬೇಕು. ಕಿಡಿ ಇಲ್ಲದಿದ್ದರೆ ಕಾಯಿಲ್ ಅಥವಾ ಕಂಡೆನ್ಸರ್ ಬಿಸಿಗೆ ಸೋತಿದೆ. ತಣಿದ ಮೇಲೆ ಮತ್ತೆ ಹತ್ತುತ್ತದೆ, ಅದಕ್ಕೇ ಎಲ್ಲರೂ ಮೋಸಹೋಗುವುದು. ಪಾಯಿಂಟ್ ಇರುವ 12 ವೋಲ್ಟಿನ ಏರ್ಪಾಟಿನಲ್ಲಿ ಕಾಯಿಲಿನ ಪ್ಲಸ್ ಮೈನಸ್ ನಡುವೆ 3ರಿಂದ 4 ಓಮ್ ಇರಬೇಕು. ಒಂದೂವರೆ ಓಮಿನ ಕಾಯಿಲನ್ನು ಹೊರಗಿನ ರೆಸಿಸ್ಟರ್ ಇಲ್ಲದೆ ಕೂರಿಸಿದ್ದರೆ ಅದು ಕಾದು ಸುಡುವುದು ಸಹಜ.

ಕಿಡಿ ಇದ್ದರೆ ಪೆಟ್ರೋಲಿನ ಕಡೆ. ಟ್ಯಾಂಕಿನ ಮುಚ್ಚಳ ತೆರೆದಾಗ ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದು, ಆಮೇಲೆ ಎಂಜಿನ್ ಹತ್ತಿದರೆ ಟ್ಯಾಂಕಿನ ಗಾಳಿಕೊಳವೆ ಕಟ್ಟಿದೆ. ಎಲೆಕ್ಟ್ರಿಕ್ ಪಂಪ್ ಇರುವಲ್ಲಿ ಆಯಿಲ್ ಪ್ರೆಶರ್ ಸ್ವಿಚ್ ನೋಡಬೇಕು: ಆಯಿಲ್ ಒತ್ತಡ ಇಲ್ಲದಾಗ ಪಂಪನ್ನು ನಿಲ್ಲಿಸುವುದು ಅದರ ಕೆಲಸ, ಕೆಟ್ಟರೆ ಓಡುವ ಎಂಜಿನ್ನಿಗೂ ಪೆಟ್ರೋಲ್ ತಪ್ಪಿಸುತ್ತದೆ. ಅದರ ಎರಡು ಟರ್ಮಿನಲ್ಲುಗಳನ್ನು ತಂತಿಯಿಂದ ಜೋಡಿಸಿದಾಗ ಪಂಪ್ ಓಡಿದರೆ ದೋಷ ಸ್ವಿಚ್ಚಿನದು. ಆ ತಂತಿಯನ್ನು ಹಾಗೇ ಬಿಡಬಾರದು. ಎಂಜಿನ್ ನಿಂತು ಕೀ ಆನ್ ಇದ್ದು, ಕಾರ್ಬುರೇಟರಿನ ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟಿನ ಸೂಜಿ ಸಿಕ್ಕಿಕೊಂಡಿದ್ದರೆ ಪಂಪ್ ಪೆಟ್ರೋಲನ್ನು ನೇರ ಬಿಲ್ಜಿಗೆ ಸುರಿಯುತ್ತದೆ.

‘ಮಿಸ್ಸಿಂಗ್’ ಪದವನ್ನು ಬದಲಿಸಬೇಡಿ, ಎಲ್ಲರಿಗೂ ಗೊತ್ತು. ಆದರೆ ಅಲ್ಲಿ ಫೈರಿಂಗ್ ಆರ್ಡರ್ (ಸಿಲಿಂಡರುಗಳು ಹತ್ತುವ ಸರದಿ) 1-2-4-3 ಎಂದು ದಪ್ಪ ಅಕ್ಷರದಲ್ಲಿ ಹಾಕಿ, 1 ಅಂದರೆ ಫ್ಲೈವ್ಹೀಲ್ ಕಡೆಯ ಸಿಲಿಂಡರ್ ಎಂದೂ ಬರೆಯಿರಿ. ಕಾರು ರಿಪೇರಿಯವರ ಕೈ ಅಭ್ಯಾಸಬಲದಿಂದ 1-3-4-2ಕ್ಕೆ ಹೋಗುತ್ತದೆ, ಆಗ ಎಂಜಿನ್ ಕಾರ್ಬುರೇಟರಿನ ಕಡೆಗೆ ಸಿಡಿಯುತ್ತದೆ.

ಕೊನೆಯದಾಗಿ ‘ಸೀಜ್ ಆಗಿದೆ’. ಪಿಸ್ಟನ್ ಕಚ್ಚಿಕೊಂಡರೆ ಮಾತ್ರ ಅದು ಸೀಜ್. ನೀರು ಹೊಕ್ಕು ತುಕ್ಕು ಹಿಡಿದ ಎಗ್ಸಾಸ್ಟ್ ವಾಲ್ವ್ ಮುಚ್ಚದೆ ಮೇಲೆಯೇ ನಿಂತಿದ್ದರೆ ‘ವಾಲ್ವ್ ಅಂಟಿದೆ’ ಅನ್ನಿ. ಆಗ ಎಂಜಿನ್ ತಿರುಗುತ್ತದೆ, ಒಂದು ಸಿಲಿಂಡರಿನಲ್ಲಿ ಮಾತ್ರ ಕಂಪ್ರೆಶನ್ ಇರುವುದಿಲ್ಲ. ಅಕ್ಕಪಕ್ಕದ ಎರಡರಲ್ಲೂ ಇಲ್ಲದಿದ್ದರೆ ಮೊದಲ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ.