ಕೈಗಡ ಕೊಟ್ಟ 1.80 ಲಕ್ಷ, ಬರೋ ಆಗಸ್ಟ್‌ಗೆ ಮೂರು ವರ್ಷ

ಪ್ರಶ್ನೆ (ದಾವಣಗೆರೆ, ಜೂನ್ 2025)

ನಂದು ವೆಲ್ಡಿಂಗ್ ಶಾಪ್. ಪಿಯುಸಿಯಿಂದ ಜೊತೆಗಿದ್ದ ಗೆಳೆಯ ಚನ್ನಗಿರಿ ಕಡೆಯವನು. 2022ರ ಆಗಸ್ಟ್ 19ಕ್ಕೆ ಅಂಗಡಿಗೇ ಬಂದು, "ಎರಡು ತೋಟ ಚೇಣಿ (ಫಸಲಿನ ಗುತ್ತಿಗೆ) ಹಿಡೀತಿದೀನಿ ಮಾರಾಯ, ಅಡ್ವಾನ್ಸ್ ಕೊಡಬೇಕು, ದೀಪಾವಳಿಗೆ ಅಡಿಕೆ ಮಾರಿ ಕೊಡ್ತೀನಿ" ಅಂದ. ಹೆಂಡತಿ ಬಳೆ ಅಡ ಇಟ್ಟು 1,30,000 ಅವನ ಖಾತೆಗೆ ಹಾಕಿದೆ, 50,000 ಕೈಯಲ್ಲಿ ಕೊಟ್ಟೆ. ಪತ್ರ ಗಿತ್ರ ಏನೂ ಇಲ್ಲ. 2023ರಲ್ಲಿ ಒಂದ್ಸಲ ಫೋನ್ ಪೇ ಮಾಡಿ 10,000 ಹಾಕಿದ. ಆಮೇಲೆ ಮೊದಲು ರೇಟ್ ಇಲ್ಲ ಅಂದ, ಆಮೇಲೆ ಕೊಳೆ ರೋಗ ಅಂದ, ಈಗ ಫೋನೇ ಎತ್ತಲ್ಲ. ಹೋದ ವಾರ ಸ್ಟೇಟಸ್‌ನಲ್ಲಿ ಹೊಸ ಬುಲೆಟ್, ಅದಕ್ಕೆ ಹೂವಿನ ಹಾರ ಬೇರೆ! ಬಳೆ ಇನ್ನೂ ಬ್ಯಾಂಕಿನಲ್ಲೇ ಇದಾವೆ. ಅವರಮ್ಮನ ಕೈ ರೊಟ್ಟಿ ತಿಂದವನು ನಾನು, ಅದಕ್ಕೇ ಮನೆ ಮುಂದೆ ಹೋಗಿ ಕೂಗಾಡೋಕೆ ಮನಸ್ಸು ಬರ್ತಿಲ್ಲ. ಏನ್ ಮಾಡ್ಲಿ?

ಉತ್ತರ 1

ಅಣ್ಣಾ, ಬುಲೆಟ್ ಬಿಡಿ, ಮೊದಲು ಕ್ಯಾಲೆಂಡರ್ ನೋಡಿ. ಕೈಗಡಕ್ಕೆ ದಾವೆ ಹೂಡೋಕೆ ಕಾಲಮಿತಿ ಮೂರು ವರ್ಷ. ದೀಪಾವಳಿ ವಾಯಿದೆ ಇತ್ತು ಅಂತ ವಾದ ಮಾಡಬಹುದು, ಆದರೆ ಬರಹದಲ್ಲಿಲ್ಲದ ವಾಯಿದೆ ನಂಬ್ಕೊಂಡು ಕೂರಬೇಡಿ, ಕೊಟ್ಟ ದಿನದಿಂದಲೇ ಎಣಿಸಿ. ಅವನು 10,000 ಹಾಕಿದ್ದರಿಂದ ಲೆಕ್ಕ ಹೊಸದಾಗಿ ಶುರುವಾಯ್ತು ಅಂತಲೂ ತಿಳ್ಕೋಬೇಡಿ. ಅದಕ್ಕೂ ಅವನ ಕೈಬರಹವೋ ಸಹಿಯೋ ಇರಬೇಕು ಅನ್ನುತ್ತೆ 1963ರ ಕಾಲಮಿತಿ ಕಾಯ್ದೆ. ಆಗಸ್ಟ್ 19ರ ಒಳಗೆ "ಇಷ್ಟು ಬಾಕಿ ಕೊಡಬೇಕಾಗಿದೆ" ಅಂತ ಬರೆದು ಸಹಿ ಹಾಕಿ ಕೊಟ್ಟರೆ, ಸಹಿ ಮಾಡಿದ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತೆ. ಒಪ್ಪದಿದ್ದರೆ ವಕೀಲರ ನೋಟಿಸ್ ಕಳಿಸಿ. ಆದರೆ ನೋಟಿಸ್ ಕೊಟ್ಟ ಮಾತ್ರಕ್ಕೆ ಕಾಲಮಿತಿ ನಿಲ್ಲಲ್ಲ, ದಾವೆ ಹಾಕಲೇಬೇಕು.

ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿಡಿ. ಕೈಯಲ್ಲಿ ಕೊಟ್ಟ 50,000ದ ಬಗ್ಗೆ ಅವನು ವಾಟ್ಸಾಪ್‌ನಲ್ಲಿ ಎಲ್ಲಾದರೂ ಬಾಯಿ ಬಿಟ್ಟಿದ್ದಾನಾ ಹುಡುಕಿ. ಆ ಫೋನ್ ಮಾರಬೇಡಿ, ಚಾಟ್ ಅಳಿಸಬೇಡಿ.

ಉತ್ತರ 2

ಚೆಕ್ ಇಸ್ಕೊಳ್ಳಿ ಅಂತ ಯಾರಾದರೂ ಹೇಳೇ ಹೇಳ್ತಾರೆ. ಇಸ್ಕೊಳ್ಳಿ, ಆದರೆ ನನ್ನ ಹಾಗೆ ಮಾಡಬೇಡಿ. ಷಡ್ಡಕ ಕೊಟ್ಟ ಚೆಕ್ಕನ್ನ ಬೀರುವಿನಲ್ಲಿ ಸೀರೆ ಕೆಳಗೆ ಐದು ತಿಂಗಳು ಇಟ್ಟಿದ್ದೆ. ಚೆಕ್ ಬದುಕೋದೇ ಮೂರು ತಿಂಗಳು! ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಮೇಲೆ ಕೊಡೋಕೆ ಅವನಿಗೆ 15 ದಿನ, ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ನೀವು ಕೋರ್ಟಿನಲ್ಲಿ ದೂರು ಹಾಕಬೇಕು. ಷಡ್ಡಕನ ಹತ್ರ ಇನ್ನೊಂದು ಚೆಕ್ ಕೇಳೋ ಮುಖ ನನಗಿರಲಿಲ್ಲ, ದುಡ್ಡು ಹೋಯ್ತು.

ಉತ್ತರ 3

ಸ್ಟೇಷನ್‌ಗೆ ಹೋದರೆ "ಇದು ಸಿವಿಲ್ ಮ್ಯಾಟರ್" ಅಂತ ವಾಪಸ್ ಕಳಿಸೋದೇ ಹೆಚ್ಚು. ವಸೂಲಿ ಹುಡುಗರನ್ನ ಕಳಿಸಿದ್ರೋ, ದೂರು ನಿಮ್ಮ ಮೇಲೇ ಬೀಳುತ್ತೆ. ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತೆ, ದಾವೆಗೂ ಮುಂಚೆಯೇ ಲೋಕ ಅದಾಲತ್‌ಗೆ ಅರ್ಜಿ ಕೊಡಿ. ಕೋರ್ಟ್ ಫೀ ಇಲ್ಲ. ಅಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯ, ಅಂದ್ರೆ ಕೋರ್ಟ್ ತೀರ್ಪಿನ ಆದೇಶದ ಬೆಲೆ. ಅವನು ಬರದೇ ಇದ್ದರೆ ಮಾತ್ರ ಕಾಯ್ತಾ ಕೂರಬೇಡಿ, ದಿನ ಓಡ್ತಿರುತ್ತೆ.

ಪ್ರಶ್ನೆ ಕೇಳಿದವರು (ಜುಲೈ)

ಹೋಗಿ ಬಂದೆ. ಕೂಗಾಡಲಿಲ್ಲ. ಜಗಲಿ ಮೇಲೆ ಕೂತು, "ಕೋರ್ಟಿಗೆ ಹೋಗೋಕೆ ನನಗೂ ಇಷ್ಟ ಇಲ್ಲ ಕಣೋ, ಬಾಕಿ 1,70,000 ಅಂತ ಬರ್ಕೊಡು" ಅಂದೆ. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಮುಖ ಊದಿಸಿಕೊಂಡ. ಒಳಗಿಂದ ಅವರಮ್ಮ ಬಂದು, "ಇಸ್ಕಂಡಿದ್ ಹೌದಲ್ಲೇನೋ? ಹಂಗಾರೆ ಬರಿ" ಅಂದ್ರು. ಬರೆದ, ತಾರೀಖು ಹಾಕಿ ಸಹಿ ಮಾಡಿದ. ಪಕ್ಕದ ಮನೆಯವರದೂ ಸಾಕ್ಷಿ ಸಹಿ ಹಾಕಿಸಿಕೊಂಡೆ. ತಿಂಗಳಿಗೆ ಹತ್ತು ಸಾವಿರ ಅಂತ ಮಾತಾಗಿದೆ, ಮೊದಲ ಕಂತು ಇನ್ನೂ ಬಂದಿಲ್ಲ. ಊಟಕ್ಕೆ ಏಳು ಅಂದ್ರು ಅವರಮ್ಮ. ಎದ್ದೆ, ರೊಟ್ಟಿ ಗಂಟಲಲ್ಲಿ ಇಳೀಲಿಲ್ಲ.