ಅಮ್ಮನ ಆಪರೇಷನ್ ರಿಪೋರ್ಟ್: ಯಾವ ಸಾಲಿಗೆ ಎಷ್ಟು ಹೆದರಬೇಕು?

ಕೇಳಿದವರು, ದಾವಣಗೆರೆ ವಿದ್ಯಾನಗರ:

ಅಮ್ಮನಿಗೆ 58 ವರ್ಷ. ಜಠರದ ಕ್ಯಾನ್ಸರ್. ನಾಲ್ಕು ಸಲ ಫ್ಲಾಟ್ ಅನ್ನುವ, ನಾಲ್ಕು ಔಷಧ ಸೇರಿದ ಕೀಮೋ ಕೊಟ್ಟು, ಆಮೇಲೆ ಜಠರದ ಮುಕ್ಕಾಲು ಭಾಗ ತೆಗೆದರು. ಮೊನ್ನೆ ತೆಗೆದ ಭಾಗದ ಪೆಥಾಲಜಿ ರಿಪೋರ್ಟ್ ಕೈಗೆ ಬಂತು. ಡಾಕ್ಟರನ್ನು ನೋಡಲು ಇನ್ನೂ ಒಂಬತ್ತು ದಿನ ಇದೆ. ರಿಪೋರ್ಟ್‌ನಲ್ಲಿ ಇರುವುದು ಇಷ್ಟು: ಡಿಫ್ಯೂಸ್ ಮಾದರಿ, ಸಿಗ್ನೆಟ್ ರಿಂಗ್ ಕೋಶಗಳಿವೆ. ವೈಪಿಟಿ3, ಎನ್1. ಲಿಂಫ್ ಗಂಟು 23ರಲ್ಲಿ 2. ಲಿಂಫೋವ್ಯಾಸ್ಕುಲರ್ ಇನ್ವೇಶನ್ ಇದೆ, ಪೆರಿನ್ಯೂರಲ್ ಇನ್ವೇಶನ್ ಇದೆ. ಅಂಚುಗಳು ಕ್ಲಿಯರ್. ಟಿಆರ್‌ಜಿ 2. ಯಾವ ಪದ ಹುಡುಕಿದರೂ ಮೊಬೈಲ್‌ನಲ್ಲಿ ಕೆಟ್ಟದ್ದೇ ಬರುತ್ತಿದೆ. ಇಂಥ ರಿಪೋರ್ಟ್ ಓದಿ ದಾಟಿದವರಿದ್ದರೆ ಹೇಳಿ. ಇದರಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುವುದು ಯಾವುದು? ಡಾಕ್ಟರ ಹತ್ತಿರ ಏನು ಕೇಳಲಿ?

ಚಿತ್ರದುರ್ಗದಿಂದ:

ನಮ್ಮಪ್ಪನ ರಿಪೋರ್ಟ್ ಹೆಚ್ಚುಕಡಿಮೆ ಇದೇ ಥರ ಇತ್ತು. ನಾನು ಡಾಕ್ಟರಲ್ಲ, ಗೊಬ್ಬರದ ಅಂಗಡಿ ನನ್ನದು. ಆದರೆ ಮೂರು ವರ್ಷ ಆ ಫೈಲ್ ಹಿಡಿದು ಓಡಾಡಿದ್ದೇನೆ. ನೀವು ಈಗ ಮಾಡುತ್ತಿರುವ ತಪ್ಪನ್ನೇ ನಾನೂ ಮಾಡಿದ್ದೆ. ಕೆಟ್ಟ ಪದಗಳನ್ನು ಒಂದೊಂದಾಗಿ ಎಣಿಸಿ ಕೂಡಿಸುತ್ತಾ ಕೂತಿದ್ದೆ. ಅದು ಹಾಗೆ ಕೂಡಿಸುವ ಲೆಕ್ಕ ಅಲ್ಲ.

ಲಿಂಫೋವ್ಯಾಸ್ಕುಲರ್ ಅಂದರೆ ಸಣ್ಣ ನಾಳಗಳ ಒಳಗೆ ಕ್ಯಾನ್ಸರ್ ಕೋಶ ಕಂಡಿದೆ ಅಂತ. ಗಂಟಿಗೆ ಹೋಗಿದೆ ಅಂದಮೇಲೆ ಆ ದಾರಿಯಲ್ಲೇ ಹೋಗಿರಬೇಕಲ್ವಾ? ಕಳ್ಳ ಹಿತ್ತಲಿಂದ ಬಂದ, ಒಳಮನೆಯಲ್ಲಿ ಸಿಕ್ಕಿಬಿದ್ದ ಅಂತ ಬರೆದರೆ ಇಬ್ಬರು ಕಳ್ಳರಾಗುವುದಿಲ್ಲ. ಪೆರಿನ್ಯೂರಲ್ ಅಂದರೆ ನರದ ಗುಂಟ ಕೋಶಗಳು ಹರಿದಿವೆ ಅಂತ. ಒಳ್ಳೆಯದಲ್ಲ, ನಿಜ. ಆದರೆ ನಮ್ಮ ಡಾಕ್ಟರ್ ಮೊದಲು ಬೆರಳಿಟ್ಟದ್ದು ಬೇರೆ ಮೂರು ಸಾಲಿನ ಮೇಲೆ: ಆಳ ಎಷ್ಟು, ಗಂಟು ಎಷ್ಟರಲ್ಲಿ ಎಷ್ಟು, ಅಂಚು ಹೇಗಿದೆ.

ಆಳಕ್ಕೆ ನಾನು ಅಪ್ಪನಿಗೆ ಹೇಳಿದ ಹೋಲಿಕೆ ನಮ್ಮ ಊರಿನದ್ದೇ, ಸುತ್ತಿನ ಕೋಟೆ. ಜಠರದ ಗೋಡೆಗೂ ಸುತ್ತುಗಳಿವೆ. ಟಿ1 ಒಳಗಿನ ಪದರದಲ್ಲೇ ಇದೆ. ಟಿ2 ಸ್ನಾಯುವಿಗೆ ಬಂದಿದೆ. ಟಿ3 ಸ್ನಾಯು ದಾಟಿದೆ, ಆದರೆ ಹೊರಗಿನ ತೆಳು ಪೊರೆ ಹರಿದಿಲ್ಲ. ಪೊರೆ ಹರಿದರೆ ಟಿ4ಎ, ಪಕ್ಕದ ಅಂಗಕ್ಕೆ ಅಂಟಿದರೆ ಟಿ4ಬಿ. ಅಮ್ಮನದ್ದು ಕೊನೆಯ ಗೋಡೆಯ ಒಳಗೇ ನಿಂತಿದೆ. ಮುಂದಿರುವ ವೈಪಿ ಅಂದರೆ ಕೀಮೋ ಆದಮೇಲೆ ನೋಡಿದ್ದು ಅಂತ ಅಷ್ಟೇ.

ಇನ್ನು 23ರಲ್ಲಿ 2, ಅಂದರೆ ನೋಡಿದ 23 ಲಿಂಫ್ ಗಂಟಿನಲ್ಲಿ ಎರಡರಲ್ಲಿ ಕ್ಯಾನ್ಸರ್ ಇದೆ. ಇದರಲ್ಲಿ 2 ಎಷ್ಟು ಮುಖ್ಯವೋ 23 ಅಷ್ಟೇ ಮುಖ್ಯ. ಒಂದೋ ಎರಡೋ ಗಂಟಾದರೆ ಎನ್1, 3ರಿಂದ 6 ಎನ್2, 7ರಿಂದ ಮೇಲೆ ಎನ್3. ಆದರೆ ಹುಡುಕಿದ್ದೇ ಏಳು ಗಂಟು, ಅದರಲ್ಲಿ ಎರಡು ಸಿಕ್ಕಿತು ಅಂದರೆ ನಂಬುವುದು ಹೇಗೆ? ನಿಮ್ಮ ಎಪಿಎಂಸಿಯಲ್ಲಿ ನೂರು ಚೀಲ ಮೆಕ್ಕೆಜೋಳಕ್ಕೆ ಎರಡೇ ಚೀಲ ಬಿಚ್ಚಿ ರೇಟ್ ಕಟ್ಟಿದ ಹಾಗೆ. ಕಡಿಮೆ ಅಂದರೂ 16 ಗಂಟು ನೋಡಿರಬೇಕು ಅನ್ನುವುದು ನಿಯಮ. ನಿಮ್ಮಲ್ಲಿ 23 ನೋಡಿದ್ದಾರೆ. ಸರ್ಜನ್ನೂ, ಲ್ಯಾಬಿನಲ್ಲಿ ಕೂತು ಹುಡುಕಿದವರೂ ಕೆಲಸ ಸರಿಯಾಗಿ ಮಾಡಿದ್ದಾರೆ ಅಂತ ಅರ್ಥ. ಅಪ್ಪನ ಮೊದಲ ರಿಪೋರ್ಟ್‌ನಲ್ಲಿ ಬರೀ 9 ಇತ್ತು. ಮತ್ತೆ ಹುಡುಕಿಸಿದಾಗ ಇನ್ನೂ ಎಂಟು ಸಿಕ್ಕವು, ಅದರಲ್ಲಿ ಎರಡರಲ್ಲಿ ಕ್ಯಾನ್ಸರ್ ಇತ್ತು. ಎನ್1 ಇದ್ದದ್ದು ಎನ್2 ಆಯಿತು. ಆ ದಿನ ಬೇಜಾರಾಯಿತು, ಆದರೆ ಸುಳ್ಳು ಸಮಾಧಾನಕ್ಕಿಂತ ಅದೇ ವಾಸಿ.

ಅಂಚು ಕ್ಲಿಯರ್ ಅನ್ನುವ ಸಾಲನ್ನು ನೀವು ಓದಿಯೂ ಓದಿಲ್ಲ ಅನ್ನಿಸುತ್ತದೆ. ಕತ್ತರಿಸಿದ ಎರಡೂ ತುದಿಯಲ್ಲಿ ಕ್ಯಾನ್ಸರ್ ಇಲ್ಲ. ಡಿಫ್ಯೂಸ್ ಮಾದರಿಯಲ್ಲಿ ಇದು ಸುಲಭಕ್ಕೆ ಸಿಗುವುದಲ್ಲ. ಕಣ್ಣಿಗೆ ಕಾಣದೆ ಗೋಡೆಯೊಳಗೆ ಹರಡುವ ಜಾತಿ ಅದು. ಇಡೀ ರಿಪೋರ್ಟ್‌ನಲ್ಲಿ ಆ ಒಂದು ಸಾಲಿಗೆ ನಾನಾದರೆ ಕೈ ಮುಗಿಯುತ್ತಿದ್ದೆ.

ಮೊಬೈಲ್‌ನಲ್ಲಿ ಸಿಗುವ ಎಷ್ಟೋ ಲೆಕ್ಕಗಳು ಫ್ಲಾಟ್ ಬರುವ ಮೊದಲಿನವು. ಜರ್ಮನಿಯಲ್ಲಿ 716 ಜನರ ಮೇಲೆ ನಡೆದ ಪ್ರಯೋಗದ ಫಲ 2019ರಲ್ಲಿ ಬಂತು. ಬದುಕಿದ ಅವಧಿಯ ಮೀಡಿಯನ್ ಹಳೆಯ ಕೀಮೋದಲ್ಲಿ 35 ತಿಂಗಳು, ಫ್ಲಾಟ್‌ನಲ್ಲಿ 50. ಮೀಡಿಯನ್ ಅಂದರೆ ಸಾಲಿನ ನಡುವೆ ನಿಂತವರ ಲೆಕ್ಕ. ಅರ್ಧ ಜನ ಅದನ್ನು ದಾಟಿ ಆಚೆ ಇದ್ದಾರೆ. ಅಮ್ಮನ ಹೆಸರು ಅದರಲ್ಲಿ ಎಲ್ಲೂ ಬರೆದಿಲ್ಲ.

ದಾವಣಗೆರೆ, ಮೂವತ್ತೊಂದು ವರ್ಷ ಲ್ಯಾಬ್‌ನಲ್ಲಿದ್ದು ನಿವೃತ್ತ:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಅವರು ಬಿಟ್ಟದ್ದನ್ನು ನಾನು ಹೇಳುತ್ತೇನೆ.

ಟಿಆರ್‌ಜಿ 2 ಅಂದರೆ ಯಾವ ಪಟ್ಟಿಯ 2? ಕೀಮೋಗೆ ಗಡ್ಡೆ ಎಷ್ಟು ಕರಗಿತು ಅನ್ನುವುದನ್ನು ಅಳೆಯಲು ಒಂದಲ್ಲ, ಹಲವು ಪಟ್ಟಿಗಳಿವೆ. ಮಂಡಾರ್ಡ್ ಪಟ್ಟಿಯ 2 ಅಂದರೆ ಅಲ್ಲೊಂದು ಇಲ್ಲೊಂದು ಕೋಶ ಉಳಿದಿದೆ, ತುಂಬಾ ಒಳ್ಳೆಯದು. ಬೆಕರ್ ಪಟ್ಟಿಯ 2 ಅಂದರೆ ನೂರಕ್ಕೆ ಹತ್ತರಿಂದ ಐವತ್ತು ಭಾಗ ಉಳಿದಿದೆ. ಅಮೆರಿಕದ ಪೆಥಾಲಜಿಸ್ಟರ ಪಟ್ಟಿಯಲ್ಲಿ 2 ಅಂದರೆ ಕರಗಿದ್ದು ಎದ್ದು ಕಾಣುತ್ತದೆ, ಆದರೆ ಅಲ್ಲೊಂದು ಇಲ್ಲೊಂದು ಕೋಶಕ್ಕಿಂತ ಹೆಚ್ಚು ಕ್ಯಾನ್ಸರ್ ಉಳಿದಿದೆ. ಅಂಕಿ ಒಂದೇ, ಅರ್ಥ ಮೂರು. ಪಟ್ಟಿಯ ಹೆಸರು ರಿಪೋರ್ಟ್‌ನಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಪೆಥಾಲಜಿಸ್ಟರನ್ನೇ ಹೋಗಿ ಕೇಳಿ. ಅವರೂ ಮನುಷ್ಯರೇ, ಮಾತಾಡುತ್ತಾರೆ. ಪೇಷೆಂಟ್ ಕಡೆಯವರು ನಮ್ಮ ಬಾಗಿಲಿಗೆ ಬರುವುದೇ ಅಪರೂಪ.

ಎರಡನೆಯದು, ನಿಮ್ಮ ರಿಪೋರ್ಟ್‌ನಲ್ಲಿ ಎಂಎಂಆರ್ ಕಾಣುತ್ತಿಲ್ಲ. ಹರ್2 ಕೂಡ ಇಲ್ಲ, ಅದು ಕೆಲವು ಗಡ್ಡೆಗಳ ಕೋಶದ ಮೇಲೆ ಹೆಚ್ಚಾಗಿರುವ ಒಂದು ಪ್ರೋಟೀನ್. ಮೊದಲ ಬಯಾಪ್ಸಿಯಲ್ಲೇ ಮಾಡಿದ್ದರೆ ಆ ಹಾಳೆ ಹುಡುಕಿ. ಎಂಎಂಆರ್ ಅಂದರೆ ನಾಲ್ಕು ಪ್ರೋಟೀನ್ ಇವೆಯೋ ಇಲ್ಲವೋ ಅಂತ ಬಣ್ಣ ಹಾಕಿ ನೋಡುವುದು: ಎಂಎಲ್ಎಚ್1, ಪಿಎಂಎಸ್2, ಎಂಎಸ್ಎಚ್2, ಎಂಎಸ್ಎಚ್6. ಇವುಗಳಲ್ಲಿ ಯಾವುದಾದರೂ ಇಲ್ಲದ ಗಡ್ಡೆಗಳು ಸಾಮಾನ್ಯವಾಗಿ ಕಡಿಮೆ ಕಾಟ ಕೊಡುತ್ತವೆ, ಮತ್ತು ಇಮ್ಯುನೋಥೆರಪಿಗೆ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆಗೆ, ಚೆನ್ನಾಗಿ ಬಗ್ಗುತ್ತವೆ. ಡಿಫ್ಯೂಸ್‌ನಲ್ಲಿ ಇದು ಕಮ್ಮಿ, ಆದರೂ ಒಮ್ಮೆ ನೋಡಿಸಿ. 2014ರಲ್ಲಿ ಅಮೆರಿಕದ ಟಿಸಿಜಿಎ ತಂಡ 295 ಜಠರದ ಗಡ್ಡೆಗಳನ್ನು ಸೋಸಿ ನಾಲ್ಕು ಗುಂಪು ಮಾಡಿತು. ಅವುಗಳಲ್ಲಿ ಶೇಕಡಾ 22 ಈ ಥರದವು. ಗಡ್ಡೆಯ ಸುತ್ತ ಎಷ್ಟು ಬಿಳಿರಕ್ತಕಣ ಮುತ್ತಿವೆ, ಎಷ್ಟು ನಾರು ತುಂಬಿದೆ ಅನ್ನುವುದನ್ನೂ ಈಗ ಅಳೆಯುತ್ತಾರೆ. ಅವು ಇನ್ನೂ ಸಂಶೋಧನೆಯ ಮಾತು, ಆ ಪೇಪರ್‌ಗಳನ್ನು ಓದಿ ತಲೆ ಕೆಡಿಸಿಕೊಳ್ಳಬೇಡಿ.

ಇಷ್ಟಕ್ಕೂ ಆಧಾರ ಒಂದೇ, ಬ್ಲಾಕ್. ಅಮ್ಮನ ಗಡ್ಡೆಯ ಚೂರುಗಳನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ. ರಿಪೋರ್ಟ್ ಕಳೆದುಹೋದರೆ ಇನ್ನೊಂದು ಪ್ರಿಂಟ್ ಬರುತ್ತದೆ. ಬ್ಲಾಕ್ ಹೋದರೆ ಹೋಯಿತು. ವರ್ಷಗಟ್ಟಲೆ ಕೆಡುವುದಿಲ್ಲ, ಫ್ರಿಜ್ ಬೇಡ, ಬಿಸಿಲು ತಾಗದಿದ್ದರೆ ಸಾಕು. ಅರ್ಜಿ ಬರೆದು ಬ್ಲಾಕ್ ಮತ್ತು ಸ್ಲೈಡ್ ಎರಡನ್ನೂ ಕೇಳಿ, ನಂಬರ್ ರಿಪೋರ್ಟ್‌ಗೆ ಹೊಂದುತ್ತದಾ ನೋಡಿ ಸಹಿ ಹಾಕಿ.

ಒಂದು ಹಳೆಯ ಸಂಗತಿ. ಒಮ್ಮೆ ಒಂದು ನರ್ಸಿಂಗ್ ಹೋಮ್‌ನಿಂದ ತೆಗೆದ ಜಠರವನ್ನು ಮನೆಯವರ ಕೈಯಲ್ಲೇ ಕೊಟ್ಟು ಕಳಿಸಿದ್ದರು, ಸಲೈನ್ ತುಂಬಿದ ಡಬ್ಬಿಯಲ್ಲಿ. ಬೇಸಿಗೆ. ಅವರು ದಾರಿಯಲ್ಲಿ ನೆಂಟರ ಮನೆಗೆ ಹೋಗಿ, ಮರುದಿನ ನಮ್ಮಲ್ಲಿಗೆ ಬಂದರು. ಮುಚ್ಚಳ ತೆಗೆದ ಕೂಡಲೇ ಗೊತ್ತಾಯಿತು. ಹತ್ತು ಪರ್ಸೆಂಟ್ ಫಾರ್ಮಲಿನ್‌ಗೆ ತಕ್ಷಣ ಹಾಕಬೇಕು, ಹರ್2ಗೆ 6ರಿಂದ 72 ಗಂಟೆ ಅದರಲ್ಲಿ ಇರಬೇಕು. ಆ ಮನುಷ್ಯನ ಗಡ್ಡೆಯಲ್ಲಿ ಯಾವ ಬಣ್ಣವೂ ಸರಿಯಾಗಿ ಹಿಡಿಯಲಿಲ್ಲ. ಈಗಲೂ ಆ ಡಬ್ಬಿ ನೆನಪಾಗುತ್ತದೆ.

ಹರಿಹರದಿಂದ:

ನಾನೇ ಪೇಷೆಂಟ್. ಸಿಗ್ನೆಟ್ ರಿಂಗ್. ಆರು ವರ್ಷ ಆಯಿತು, ಈಗಷ್ಟೇ ಅರ್ಧ ಬೆಣ್ಣೆ ದೋಸೆ ತಿಂದು ಬರೆಯುತ್ತಿದ್ದೇನೆ. ಇನ್ನರ್ಧ ಯಜಮಾನರಿಗೆ.

ಹೆಸರಿಗೆ ಹೆದರಬೇಡಿ. ಕೋಶದೊಳಗೆ ಲೋಳೆ ತುಂಬಿ ನಡುವಿನ ಬೀಜವನ್ನು ಅಂಚಿಗೆ ತಳ್ಳುತ್ತದೆ, ಹರಳಿನ ಉಂಗುರದ ಹಾಗೆ ಕಾಣುತ್ತದೆ, ಅದಕ್ಕೆ ಆ ಹೆಸರು. ಬೇರೆ ಮಾದರಿಯಲ್ಲಿ ಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವಂತೆ. ನಮ್ಮದು ಚೆಲ್ಲಿದ ಮಂಡಕ್ಕಿ. ನನ್ನದು ಟಿ1ಬಿಯಲ್ಲೇ ಸಿಕ್ಕಿತು. ಅಷ್ಟು ಬೇಗ ಸಿಕ್ಕರೆ ಸಿಗ್ನೆಟ್ ರಿಂಗ್ ಇದ್ದರೂ ಫಲ ಚೆನ್ನಾಗಿಯೇ ಇರುತ್ತದೆ ಅಂದರು ಡಾಕ್ಟರ್. ಆಳಕ್ಕೆ ಹೋದರೆ ಅದೇ ಪದದ ತೂಕ ಬೇರೆ. ಹಾಗಾಗಿ ನನ್ನ ಆರು ವರ್ಷವನ್ನು ನಿಮ್ಮ ಅಮ್ಮನಿಗೆ ಹಾಗೇ ಅಂಟಿಸುವುದಿಲ್ಲ, ನೀವೂ ಬೇರೆಯವರ ಕೆಟ್ಟ ಕಥೆ ಅಂಟಿಸಿಕೊಳ್ಳಬೇಡಿ. ಮತ್ತೆ, ರಿಪೋರ್ಟನ್ನು ಅಮ್ಮನ ಎದುರು ಪಿಸುಪಿಸು ಓದಬೇಡಿ. ನಮಗೆ ಎಲ್ಲಾ ಕೇಳಿಸುತ್ತದೆ.

ಹಿರಿಯೂರಿನಿಂದ:

ನನ್ನ ಅಣ್ಣನ ಕಥೆ ಸುಖದ್ದಲ್ಲ, ಆದರೂ ಹೇಳುತ್ತೇನೆ. ಅವನಿಗೆ ಗೊತ್ತಾಗುವಾಗಲೇ ಲಿವರ್‌ಗೆ ಹೋಗಿತ್ತು. ಮೊದಲ ಬಯಾಪ್ಸಿಯಲ್ಲಿ ಎರಡೇ ಚೂರು ತೆಗೆದಿದ್ದರು, ಹರ್2 ನೆಗೆಟಿವ್. ಬೆಂಗಳೂರಲ್ಲಿ ಮತ್ತೆ ಎಂಡೋಸ್ಕೋಪಿ ಮಾಡಿ ಎಂಟು ಚೂರು ತೆಗೆದರು. ಹರ್2 ಮೂರು ಪ್ಲಸ್, ಅಂದರೆ ಪಾಸಿಟಿವ್! ಜಠರದ ಗಡ್ಡೆಯಲ್ಲಿ ಹರ್2 ಒಂದು ಕಡೆ ಇದ್ದು ಇನ್ನೊಂದು ಕಡೆ ಇರುವುದಿಲ್ಲವಂತೆ, ಅದಕ್ಕೇ ಆರರಿಂದ ಎಂಟು ಚೂರು ಬೇಕು. ಎರಡು ಪ್ಲಸ್ ಬಂದರೆ ಫಿಶ್ ಅಂತ ಇನ್ನೊಂದು ಟೆಸ್ಟ್ ಮಾಡಿ ಖಚಿತ ಮಾಡುತ್ತಾರೆ. ಕೀಮೋ ಜೊತೆ ಹರ್2 ಮೇಲೆ ಕೆಲಸ ಮಾಡುವ ಟ್ರಾಸ್ಟುಜುಮಾಬ್ ಔಷಧ ಶುರು ಮಾಡಿದರು. ಎರಡು ವರ್ಷ ಎರಡು ತಿಂಗಳು ಇದ್ದ. ಅದರಲ್ಲಿ ಒಂದೂವರೆ ವರ್ಷ ತೋಟಕ್ಕೂ ಹೋಗುತ್ತಿದ್ದ.

ನಿಮ್ಮ ಅಮ್ಮನಿಗೆ ಹರಡಿಲ್ಲ, ಹಾಗಾಗಿ ಈಗ ಹರ್2 ಬಂದರೂ ಔಷಧ ಬದಲಾಗದೆ ಇರಬಹುದು. ಆದರೂ ಫೈಲಿನಲ್ಲಿ ಇರಲಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಯಾವ ಟೆಸ್ಟ್ ಅದರೊಳಗೆ ಬರುತ್ತದೆ ಅಂತ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ, ನಾವು ಎರಡಕ್ಕೆ ಸುಮ್ನೆ ಕೈಯಿಂದ ಕಟ್ಟಿದೆವು.

ಚಳ್ಳಕೆರೆಯಿಂದ:

ಒಂದೇ ಮಾತು. ಅಮ್ಮನ ತವರಲ್ಲಿ ಬೇರೆ ಯಾರಿಗಾದರೂ ಜಠರದ ಕ್ಯಾನ್ಸರ್ ಇತ್ತಾ? ಡಿಫ್ಯೂಸ್ ಮಾದರಿ ಮನೆಯಲ್ಲಿ ಇಬ್ಬರಿಗೆ ಬಂದಿದ್ದರೆ, ಅಥವಾ ಐವತ್ತರ ಒಳಗೆ ಬಂದಿದ್ದರೆ, ಸಿಡಿಎಚ್1 ಜೀನ್ ಟೆಸ್ಟ್ ಬಗ್ಗೆ ಕೇಳಿ. ಕೋಶಗಳನ್ನು ಅಂಟಿಸುವ ಪ್ರೋಟೀನ್‌ನ ಜೀನ್ ಅದು. 1998ರಲ್ಲಿ ನ್ಯೂಜಿಲೆಂಡ್‌ನ ಮಾವೊರಿ ಕುಟುಂಬಗಳಲ್ಲಿ ಇದನ್ನು ಮೊದಲು ಕಂಡುಹಿಡಿದರು. ನಮ್ಮ ಚಿಕ್ಕಮ್ಮ ಹೋದಮೇಲೆ ನಾವು ಮೂವರು ಮಾಡಿಸಿದೆವು, ನೆಗೆಟಿವ್ ಬಂತು.

ಕೇಳಿದವರು, ಹನ್ನೆರಡು ದಿನದ ನಂತರ:

ಎಲ್ಲರಿಗೂ ನಮಸ್ಕಾರ. ತವರಲ್ಲಿ ಯಾರಿಗೂ ಇರಲಿಲ್ಲ. ಪೆಥಾಲಜಿಸ್ಟರನ್ನು ಹೋಗಿ ಕೇಳಿದೆ. ಅವರು ಬಳಸಿದ್ದು ಬೆಕರ್ ಪಟ್ಟಿ. ಅಂದರೆ ಅರ್ಧಕ್ಕಿಂತ ಕಡಿಮೆ ಉಳಿದಿದೆ. ನಾನು ಆಸೆಪಟ್ಟಷ್ಟು ಒಳ್ಳೆಯದಲ್ಲ, ಹೆದರಿದಷ್ಟು ಕೆಟ್ಟದ್ದೂ ಅಲ್ಲ. ಎಂಎಂಆರ್ ಮಾಡಿಸಿದೆವು, ನಾಲ್ಕೂ ಪ್ರೋಟೀನ್ ಇವೆ. ಹಾಗಾಗಿ ಅದೇ ಫ್ಲಾಟ್ ಇನ್ನೂ ನಾಲ್ಕು ಸಲ ಅಂತ ಡಾಕ್ಟರ್ ಹೇಳಿದರು. ಹರ್2 ಮೊದಲ ಬಯಾಪ್ಸಿಯ ಹಾಳೆಯಲ್ಲೇ ಇತ್ತು, ನೆಗೆಟಿವ್, ನಾವೇ ನೋಡಿರಲಿಲ್ಲ.

ಬ್ಲಾಕ್ ಮನೆಗೆ ತಂದೆ. ಹನ್ನೊಂದು ಇವೆ. ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬೀರುವಿನಲ್ಲಿ ಇಡುವಾಗ ಅಮ್ಮ ಬಂದು ಒಂದನ್ನು ಎತ್ತಿ ನೋಡಿದರು. ಇಷ್ಟೇನಾ ಅಂದರು. ಆಮೇಲೆ ಡಬ್ಬಿ ಕಸಿದುಕೊಂಡು ತಮ್ಮ ಸೀರೆಗಳ ಕೆಳಗೆ ಇಟ್ಟುಕೊಂಡರು. ಸೋಮವಾರ ಐದನೇ ಕೀಮೋ.